ಸಣ್ಣ ವಿನ್ಯಾಸ ಮುದ್ರಣಾಲಯದಲ್ಲಿ ಕೆಲಸಗಾರರ ಹುರುಪು ಉಳಿಸಿಕೊಳ್ಳುವ ಬಗೆ

ಲಗ್ನಸರಾಯಿ, ಅಂದರೆ ಮದುವೆಗಳ ಕಾಲ, ಮೂರನೆಯ ವಾರಕ್ಕೆ ಕಾಲಿಡುವ ಹೊತ್ತಿಗೆ ಸಣ್ಣ ಮುದ್ರಣಾಲಯಗಳಲ್ಲಿ ಒಂದು ಬದಲಾವಣೆ ಕಾಣಿಸಿಕೊಳ್ಳುತ್ತದೆ. ತಿಂಗಳ ಹಿಂದೆ ಹೊಸ ಅಂಚು, ಹೊಸ ಅಕ್ಷರದ ಬಗೆ, ಹೊಸ ಬಣ್ಣಗಳ ಜೋಡಣೆಯನ್ನು ತಾವಾಗಿಯೇ ತಂದು ತೋರಿಸುತ್ತಿದ್ದ ಡಿಟಿಪಿ ಆಪರೇಟರ್ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರು) ಈಗ ಹೋದ ವರ್ಷದ ಫೈಲೊಂದನ್ನು ತೆರೆದು, ಹೆಸರುಗಳನ್ನಷ್ಟೇ ಬದಲಿಸಿ, ಪ್ರಿಂಟ್ ಕೊಟ್ಟು ಸುಮ್ಮನಾಗುತ್ತಾರೆ. ಮಾಲೀಕರಾದ ನಾವು ಇದನ್ನು ಸೋಮಾರಿತನವೆಂದು ಭಾವಿಸಿ ದನಿ ಏರಿಸುತ್ತೇವೆ, ಇಲ್ಲವೇ ಒಂದು ಸಂಜೆ ಮಿರ್ಚಿ ಗಿರ್ಮಿಟ್ಟು ತರಿಸಿ ಎಲ್ಲ ಸರಿಹೋಯಿತೆಂದುಕೊಳ್ಳುತ್ತೇವೆ. ಬೈಗುಳವಾಗಲಿ ಮಿರ್ಚಿಯಾಗಲಿ ಮರುದಿನ ಬೆಳಗಿನ ಕೆಲಸದಲ್ಲಿ ಯಾವ ವ್ಯತ್ಯಾಸವನ್ನೂ ತರುವುದಿಲ್ಲ.

ಮುದ್ರಣ ಕಾಶಿ ಎಂದು ಹೆಸರಾದ ಗದಗದಲ್ಲಿ ಆರು ಜನರ ಅಂಗಡಿಯೊಂದನ್ನು ಹಲವು ವರ್ಷ ನಡೆಸಿದ ಮೇಲೆ ನನಗೆ ಖಚಿತವಾಗಿರುವ ಮಾತು ಇದು: ನಮ್ಮ ವೃತ್ತಿಯಲ್ಲಿ ಜನ ದಣಿಯುವುದು ಬಹುಮಟ್ಟಿಗೆ ಮಾಡಿ ಮುಗಿಸಿದ್ದನ್ನೇ ಮತ್ತೆ ಮತ್ತೆ ಮಾಡಬೇಕಾಗಿ ಬಂದಾಗ. ಹೊಸ ವಿನ್ಯಾಸಕ್ಕೆ ರಾತ್ರಿ ಎಂಟರವರೆಗೆ ಕೂತವರು ನಗುತ್ತಲೇ ಮನೆಗೆ ಹೋಗುತ್ತಾರೆ. ಒಂದೇ ಲಗ್ನಪತ್ರಿಕೆಯಲ್ಲಿ ಏಳನೆಯ ಸಲ ಹೆಸರು ಸೇರಿಸಿದವರು ನಾಲ್ಕು ಗಂಟೆಗೇ ಸೋತುಹೋಗಿರುತ್ತಾರೆ. ಆದ್ದರಿಂದ ಉತ್ಸಾಹ ತುಂಬುವ ಉಪಾಯಗಳನ್ನು ಹುಡುಕುವ ಮೊದಲು ಉತ್ಸಾಹ ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಕಂಡುಹಿಡಿಯಬೇಕು, ಮತ್ತು ಆ ಸೋರಿಕೆಯನ್ನು ಕೆಲಸದ ಏರ್ಪಾಡಿನಲ್ಲೇ ಸರಿಪಡಿಸಬೇಕು. ಕೆಳಗಿನ ಹೆಜ್ಜೆಗಳು ಆ ಕ್ರಮದಲ್ಲಿವೆ. ಫೋಟೊ ಸ್ಟುಡಿಯೊ, ವಿಡಿಯೊ ಎಡಿಟಿಂಗ್, ಫಲಕ ಬರೆಯುವ ಅಂಗಡಿಗಳವರೂ ತಮ್ಮ ಕೆಲಸಕ್ಕೆ ಹೊಂದಿಸಿಕೊಂಡು ಇವನ್ನು ಬಳಸಬಹುದು.

ಮೊದಲ ಹೆಜ್ಜೆ: ಎರಡು ವಾರ ಬರೆದಿಡಿ

ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಹಾಕಿ: ಹೊಸ ಕೆಲಸ, ತಿದ್ದುಪಡಿ, ಕಾಯುವಿಕೆ. ಪ್ರತಿಯೊಬ್ಬರೂ ದಿನದ ಕೊನೆಗೆ ತಮ್ಮ ಸಮಯ ಯಾವುದಕ್ಕೆ ಎಷ್ಟು ಹೋಯಿತೆಂದು ಅಂದಾಜಿನಲ್ಲಿ ಬರೆಯಲಿ. ಕರೆಂಟು ಹೋದದ್ದು, ಕಾಗದ ಬಾರದೆ ನಿಂತದ್ದು, ಗಿರಾಕಿ ಒಪ್ಪಿಗೆ ಕೊಡದೆ ಉಳಿದದ್ದು ಮೂರನೆಯ ಅಂಕಣಕ್ಕೆ ಸೇರುತ್ತವೆ. ಈ ಪುಸ್ತಕ ಯಾರ ಮೇಲೂ ಕಣ್ಣಿಡುವುದಕ್ಕಲ್ಲ ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು. ಮಾಲೀಕರೂ ತಮ್ಮ ಸಮಯವನ್ನು ಅದೇ ಪುಸ್ತಕದಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯಬೇಕು.

ಲೆಕ್ಕ ಹಾಕಿದಾಗ ಬೆರಗಾಗುತ್ತದೆ. ಒಂದು ಪತ್ರಿಕೆಗೆ ಐದು ಸಲ ತಿದ್ದುಪಡಿ, ಒಂದು ತಿದ್ದುಪಡಿಗೆ ಫೈಲು ಹುಡುಕಿ, ತಿದ್ದಿ, ಮತ್ತೆ ಕಳಿಸುವುದಕ್ಕೆ ಹತ್ತು ನಿಮಿಷ ಎಂದಿಟ್ಟುಕೊಂಡರೂ, ದಿನಕ್ಕೆ ಆರು ಪತ್ರಿಕೆಗಳಿದ್ದರೆ 300 ನಿಮಿಷ, ಅಂದರೆ ಒಬ್ಬ ಆಪರೇಟರ್‌ನ ಐದು ಗಂಟೆ ಅದಕ್ಕೇ ಹೋಗುತ್ತದೆ. ಅಷ್ಟು ಹೊತ್ತು ಅವರ ಕೈ ನಡೆದಿರುತ್ತದೆ, ಕಲೆ ನಡೆದಿರುವುದಿಲ್ಲ.

ಎರಡನೆಯ ಹೆಜ್ಜೆ: ಮಾಡಿದ್ದನ್ನೇ ಮತ್ತೆ ಮಾಡುವುದನ್ನು ಕಡಿಮೆ ಮಾಡಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆಯನ್ನು ಅನುಸರಿಸುತ್ತೇನೆ ಎನ್ನುವವರು ಇದನ್ನೇ ಅನುಸರಿಸಲಿ.

ತಿದ್ದುಪಡಿಗಳಲ್ಲಿ ಹೆಚ್ಚಿನವು ಹುಟ್ಟುವುದು ಆರ್ಡರ್ ತೆಗೆದುಕೊಳ್ಳುವ ಮೇಜಿನ ಮೇಲೆ. ಗಿರಾಕಿ ಹಾಳೆಯ ಹಿಂಭಾಗದಲ್ಲಿ ಗೀಚಿಕೊಂಡು ಬಂದದ್ದನ್ನು ಹಾಗೆಯೇ ಇಸಿದುಕೊಂಡು ಒಳಗೆ ಕಳಿಸಿದರೆ, ಉಳಿದುಹೋದ ಪ್ರತಿಯೊಂದು ವಿವರವೂ ಮುಂದೆ ಒಂದೊಂದು ತಿದ್ದುಪಡಿಯಾಗಿ ಮರಳಿ ಬರುತ್ತದೆ. ಅದಕ್ಕಾಗಿ ಒಂದು ಪುಟದ ನಮೂನೆಯನ್ನು ನಿಮ್ಮದೇ ಯಂತ್ರದಲ್ಲಿ ಅಚ್ಚು ಹಾಕಿಟ್ಟುಕೊಳ್ಳಿ. ಮೇಲೆ ಮನೆದೇವರ ಹೆಸರು, ವಧುವರರ ಹೆಸರು, ಇಬ್ಬರ ತಂದೆತಾಯಿಗಳ ಹೆಸರು ಮತ್ತು ಊರು, ಮುಹೂರ್ತದ ದಿನಾಂಕ, ವಾರ ಮತ್ತು ವೇಳೆ, ಕಲ್ಯಾಣಮಂಟಪದ ಪೂರ್ತಿ ವಿಳಾಸ, ಆಶೀರ್ವದಿಸುವವರು, ಸುಖಾಗಮನ ಬಯಸುವವರು, ಪ್ರತಿಗಳ ಸಂಖ್ಯೆ, ಬೇಕಾದ ದಿನ ಇವಿಷ್ಟೂ ಅದರಲ್ಲಿರಲಿ. ದಿನಾಂಕಕ್ಕೂ ವಾರಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು ಗಿರಾಕಿಯ ಮುಂದೆಯೇ ಕ್ಯಾಲೆಂಡರ್ ತೆಗೆದು ನೋಡಿ. ಬಂಧುಗಳ ಪಟ್ಟಿಯ ಕೆಳಗೆ ಮಾತ್ರ ಸ್ವಲ್ಪ ಹೆಚ್ಚು ಜಾಗ ಬಿಡಿ, ಏಕೆಂದರೆ ನೂರಕ್ಕೆ ತೊಂಬತ್ತು ಸಲ ಬಿಟ್ಟುಹೋಗುವ ಹೆಸರು ಅಲ್ಲಿಯದೇ, ಮತ್ತು ಅದು ಸೋದರಮಾವನ ಕಡೆಯವರದಾಗಿದ್ದರೆ ಪತ್ರಿಕೆಯನ್ನು ಮತ್ತೆ ಅಚ್ಚು ಹಾಕಿಸದೆ ಗತಿಯಿಲ್ಲ.

ನಮೂನೆಯ ಕೊನೆಯಲ್ಲಿ ಒಂದು ಪ್ರಶ್ನೆ ಇರಲೇಬೇಕು: ನಿಮ್ಮ ಮನೆಯಲ್ಲಿ ಕೊನೆಯ ಒಪ್ಪಿಗೆ ಕೊಡುವವರು ಯಾರು? ಒಬ್ಬರ ಹೆಸರು ಮತ್ತು ಫೋನ್ ಸಂಖ್ಯೆ ಬರೆಸಿಕೊಳ್ಳಿ. ಮದುಮಗ ಬಣ್ಣ ಬದಲಿಸಿ ಎಂದು, ಅವನ ಅಪ್ಪ ಮೊದಲಿನದೇ ಇರಲಿ ಎಂದು, ಅಕ್ಕ ಫೋಟೊ ಹಾಕಿ ಎಂದು ಬೇರೆ ಬೇರೆಯಾಗಿ ಕರೆ ಮಾಡುತ್ತಿದ್ದರೆ ಆಪರೇಟರ್ ಒಂದು ಕುಟುಂಬದ ಒಳಮಾತಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಆ ಒಳಮಾತನ್ನು ಮನೆಯಲ್ಲೇ ಮುಗಿಸಿಕೊಂಡು ಬರುವಂತೆ ಹೇಳುವುದು ಮಾಲೀಕರ ಹೊಣೆ.

ಕನ್ನಡ ಅಕ್ಷರಗಳ ತೊಂದರೆ ಇನ್ನೊಂದು. ಗಿರಾಕಿಗಳು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಪಠ್ಯ ಎಲ್ಲ ಸಾಧನಗಳೂ ಓದಬಲ್ಲ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿರುತ್ತದೆ. ಹಲವು ಅಂಗಡಿಗಳಲ್ಲಿ ವಿನ್ಯಾಸ ಇನ್ನೂ ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ನಡೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವೊತ್ತು ಮತ್ತು ದೀರ್ಘಗಳು ಜಾಗ ತಪ್ಪುತ್ತವೆ, ಅವನ್ನು ಒಂದೊಂದಾಗಿ ಹೆಕ್ಕಿ ಸರಿಪಡಿಸುವುದು ಕಣ್ಣಿಗೂ ಮನಸ್ಸಿಗೂ ಹಿಂಸೆ. ಅಂಗಡಿಗೆಲ್ಲ ಒಂದೇ ಪದ್ಧತಿಯನ್ನು ನಿಶ್ಚಯಿಸಿ, ಸಾಧ್ಯವಾದರೆ ಪೂರ್ತಿ ಯೂನಿಕೋಡ್‌ಗೆ ಬನ್ನಿ. ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಟ ಜೋಡಿಸುವವರು ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಂಡರೆ ಕನ್ನಡ ಯೂನಿಕೋಡ್ ಒಡೆಯದೆ ಕೂಡುತ್ತದೆ. ನನ್ನ ಅಂದಾಜಿನಲ್ಲಿ ಒಂದು ಹೊಸ ಕಂಪ್ಯೂಟರ್ ಕೊಳ್ಳುವುದಕ್ಕಿಂತ ಈ ಒಂದು ನಿರ್ಧಾರ ಆಪರೇಟರ್‌ಗೆ ಹೆಚ್ಚು ನೆಮ್ಮದಿ ಕೊಡುತ್ತದೆ.

ಪ್ರೂಫನ್ನು, ಅಂದರೆ ಅಚ್ಚಿಗೆ ಮುಂಚಿನ ಪರೀಕ್ಷಾ ಪ್ರತಿಯನ್ನು, ಪರದೆಯ ಮೇಲೆ ತೋರಿಸಿ ಸುಮ್ಮನಾಗಬೇಡಿ. ಕಾಗದದ ಮೇಲೆ ಕೊಟ್ಟು, ಹೆಸರುಗಳನ್ನು ಗಟ್ಟಿಯಾಗಿ ಓದಿಸಿ, ಕೆಳಗೆ ಸಹಿ ಮಾಡಿಸಿಕೊಳ್ಳಿ. ಎರಡು ಸುತ್ತಿನ ತಿದ್ದುಪಡಿ ಪತ್ರಿಕೆಯ ದರದಲ್ಲೇ ಸೇರಿದೆ, ಮೂರನೆಯ ಸುತ್ತಿನಿಂದ ಪ್ರತಿ ಸುತ್ತಿಗೆ ಇಂತಿಷ್ಟು ಎಂಬುದನ್ನು ಆರ್ಡರ್ ನಮೂನೆಯಲ್ಲೇ ಅಚ್ಚು ಹಾಕಿ. ಅಚ್ಚು ಹಾಕುವ ಪ್ಲೇಟ್ ಮಾಡಿಸಿದ ಮೇಲೆ ಬಂದ ಬದಲಾವಣೆಗೆ ಪ್ಲೇಟಿನ ಖರ್ಚೂ ಗಿರಾಕಿಯದೇ ಎಂದು ಸ್ಪಷ್ಟಪಡಿಸಿ. ಇದನ್ನು ಹೇಳಿದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾರೆಂಬ ಹೆದರಿಕೆ ನನಗೂ ಇತ್ತು. ಹೋದವರು ಕೆಲವರಿದ್ದಾರೆ, ಉಳಿದವರು ಮನೆಯಲ್ಲಿ ಎಲ್ಲರಿಗೂ ತೋರಿಸಿ, ಒಂದೇ ಸಲಕ್ಕೆ ಎಲ್ಲ ತಿದ್ದುಪಡಿಗಳನ್ನು ಬರೆದು ತರಲು ಕಲಿತಿದ್ದಾರೆ.

ಈ ನಿಯಮಗಳಿಲ್ಲದ ಕಾಲದ ಒಂದು ಘಟನೆಯನ್ನು ಇಲ್ಲಿ ಹೇಳಬೇಕು. ಐನೂರು ಪತ್ರಿಕೆಗಳಲ್ಲಿ ಮುಹೂರ್ತದ ವೇಳೆ ತಪ್ಪಾಗಿ ಅಚ್ಚಾಗಿತ್ತು. ಗಿರಾಕಿಗಳ ಎದುರಿಗೇ ನಾನು ನಮ್ಮ ಆಪರೇಟರ್‌ನನ್ನು ಬೈದೆ. ಆತ ತಲೆ ತಗ್ಗಿಸಿ ಕೇಳಿಸಿಕೊಂಡ. ರಾತ್ರಿ ಊಟಕ್ಕೆ ಕೂತಾಗ ನೆನಪಾಯಿತು: ಬದಲಾದ ವೇಳೆಯನ್ನು ಗಿರಾಕಿ ನನಗೇ ಫೋನಿನಲ್ಲಿ ತಿಳಿಸಿದ್ದರು, ಒಳಗೆ ಹೇಳುವುದನ್ನು ನಾನೇ ಮರೆತಿದ್ದೆ. ಮರುದಿನ ಎಲ್ಲರ ಮುಂದೆ ತಪ್ಪೊಪ್ಪಿಕೊಂಡೆ, ಆತ ದೊಡ್ಡ ಮನಸ್ಸಿನಿಂದ ಇರಲಿ ಬಿಡ್ರಿ ಎಂದ. ಆದರೆ ಆ ಮೇಲೆ ಬಹಳ ತಿಂಗಳು ಆತ ತಾನಾಗಿ ಒಂದು ಹೊಸ ವಿನ್ಯಾಸವನ್ನೂ ನನ್ನ ಮುಂದೆ ಇಡಲಿಲ್ಲ. ಆಗಿನಿಂದ ನಮ್ಮಲ್ಲಿ, ಯಾರೇ ಹೇಳಿರಲಿ, ನಮೂನೆಯ ಮೇಲೆ ಬರೆದು ಸಹಿಯಾಗದ ತಿದ್ದುಪಡಿಯನ್ನು ಮಾಡುವಂತಿಲ್ಲ. ಮಾಲೀಕನಿಗೂ ಇದರಿಂದ ವಿನಾಯಿತಿ ಇಲ್ಲ.

ಮೂರನೆಯ ಹೆಜ್ಜೆ: ಕುರ್ಚಿಯ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ

ನಮ್ಮ ಕಡೆಯ ಅಂಗಡಿಗಳಲ್ಲಿ ಗಿರಾಕಿ ನೇರವಾಗಿ ಒಳಗೆ ಬಂದು ಆಪರೇಟರ್‌ನ ಹೆಗಲ ಮೇಲಿಂದ ಬೆರಳು ತೋರಿಸುತ್ತ ನಿಲ್ಲುವುದು ರೂಢಿ. "ಒಂದು ಸಣ್ಣದು ಐತ್ರಿ, ಐದ ನಿಮಿಷ" ಎನ್ನುತ್ತ ಇನ್ನೊಬ್ಬರು ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸುತ್ತಾರೆ. ಬಣ್ಣ, ಅಂತರ, ಅಕ್ಷರಗಳ ತೂಕವನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಕೂತವರಿಗೆ ಆ ಐದು ನಿಮಿಷದ ನಂತರ ಬಿಟ್ಟ ಜಾಗಕ್ಕೆ ಮರಳಲು ಇನ್ನಷ್ಟು ಹೊತ್ತು ಬೇಕಾಗುತ್ತದೆ.

ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಮುಂದಿನ ಮೇಜಿನ ಮೇಲೆ ಎರಡನೆಯ ಮಾನಿಟರ್ ಇಟ್ಟು, ಗಿರಾಕಿ ಕುರ್ಚಿಯಲ್ಲಿ ಕೂತು ಅಲ್ಲಿಯೇ ನೋಡುವಂತೆ ಮಾಡಿ. ಬೆಳಿಗ್ಗೆ 10ರಿಂದ 12.30ರವರೆಗೆ ಹೊಸ ವಿನ್ಯಾಸದ ಹೊತ್ತು ಎಂದು ಗೊತ್ತು ಮಾಡಿ. ಆಗ ಬಂದ ತಿದ್ದುಪಡಿಗಳೆಲ್ಲ ತಟ್ಟೆಯಲ್ಲಿ ಕಾಯಲಿ, ಮಧ್ಯಾಹ್ನ ಒಟ್ಟಿಗೆ ಮಾಡಿದರಾಯಿತು. ಅಂಗಡಿಗೆ ಒಂದೇ ವಾಟ್ಸ್ಆ್ಯಪ್ ಸಂಖ್ಯೆ ಇರಲಿ, ಅದು ಅಂಗಡಿಯ ಫೋನಿನಲ್ಲಿರಲಿ, ರಾತ್ರಿ ಬಾಗಿಲು ಹಾಕಿದಾಗ ಆ ಫೋನೂ ಒಳಗೇ ಉಳಿಯಲಿ. ಕೆಲಸಗಾರರ ಸ್ವಂತ ಸಂಖ್ಯೆಯನ್ನು ಗಿರಾಕಿಗೆ ಕೊಡಬೇಡಿ. ರಾತ್ರಿ ಹತ್ತೂವರೆಗೆ ಮಗುವನ್ನು ಮಲಗಿಸುತ್ತಿರುವ ತಾಯಿಗೆ ಫಾಂಟ್ ಬದಲಿಸಿ ಎಂಬ ಸಂದೇಶ ಬಂದರೆ, ಆಕೆ ಉತ್ತರಿಸದಿದ್ದರೂ ಅಂದಿನ ವಿಶ್ರಾಂತಿ ಅಲ್ಲಿಗೆ ಮುಗಿಯುತ್ತದೆ.

ನಾಲ್ಕನೆಯ ಹೆಜ್ಜೆ: ಪಂಚಾಂಗ ನೋಡಿ ಕೆಲಸವನ್ನೂ ರಜೆಯನ್ನೂ ಹಂಚಿ

ನಮ್ಮ ವೃತ್ತಿಯ ಏರಿಳಿತ ಮುಂಚೆಯೇ ತಿಳಿದಿರುವಂಥದು. ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠಗಳಲ್ಲಿ ಲಗ್ನಪತ್ರಿಕೆ, ಆಷಾಢದಲ್ಲಿ ಬಿಡುವು, ಗಣೇಶನ ಹಬ್ಬಕ್ಕೆ ಪಾವತಿ ಪುಸ್ತಕ ಮತ್ತು ಬ್ಯಾನರ್, ನವೆಂಬರಿನಲ್ಲಿ ರಾಜ್ಯೋತ್ಸವ, ವರ್ಷದ ಕೊನೆಗೆ ಕ್ಯಾಲೆಂಡರ್ ಮತ್ತು ಡೈರಿ. ಅಧಿಕಮಾಸದಲ್ಲಿ ಮದುವೆಗಳಿರುವುದಿಲ್ಲ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಸಾಮಾನ್ಯ ವರ್ಷಗಳಲ್ಲಿ ಕೈತುಂಬ ಕೆಲಸವಿರುವ ದಿನಗಳು ಅಂಥ ವರ್ಷದಲ್ಲಿ ಖಾಲಿಯಾಗಿ, ಒತ್ತಡ ಅದರ ಮುಂಚಿನ ಮತ್ತು ನಂತರದ ವಾರಗಳಿಗೆ ಸರಿಯುತ್ತದೆ. ಪತ್ರಿಕೆಯ ಆರ್ಡರ್ ಮುಹೂರ್ತಕ್ಕಿಂತ ಕೆಲವು ವಾರ ಮೊದಲೇ ಬರುವುದರಿಂದ ಆ ಅಂತರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಯುಗಾದಿಯಂದು ಹೊಸ ಪಂಚಾಂಗ ಬಂದೊಡನೆ ಎಲ್ಲರೂ ಕೂತು ವರ್ಷದ ಹಾಳೆಯೊಂದನ್ನು ಬರೆದು ಗೋಡೆಗೆ ಅಂಟಿಸಿ. ಯಾರ ಮನೆಯಲ್ಲಿ ಮದುವೆ, ಯಾರ ಊರಿನಲ್ಲಿ ಜಾತ್ರೆ, ಯಾರ ಮಕ್ಕಳ ಪರೀಕ್ಷೆ ಎಂಬುದೂ ಅದರಲ್ಲಿರಲಿ. ಆರು ತಿಂಗಳ ಮೊದಲೇ ಗೊತ್ತಿರುವ ರಜೆಯನ್ನು ಕೊಡುವುದು ಕಷ್ಟವಲ್ಲ, ಹಿಂದಿನ ದಿನ ಕೇಳಿದ ರಜೆಗೇ ಮನಸ್ತಾಪ ಹುಟ್ಟುವುದು.

ಚುನಾವಣೆ ಬರುವ ವರ್ಷಕ್ಕೆ ಬೇರೆ ತಯಾರಿ ಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣಾ ಕರಪತ್ರ, ಪೋಸ್ಟರುಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು ವಿಳಾಸ ಇರಬೇಕು. ಪ್ರಕಾಶಕರ ಘೋಷಣೆಗೆ ಅವರನ್ನು ಬಲ್ಲ ಇಬ್ಬರ ದೃಢೀಕರಣವೂ ಬೇಕು. ಈ ಕಾಗದಪತ್ರದ ಹೊಣೆಯನ್ನು ಮಾಲೀಕರೇ ಹೊತ್ತುಕೊಳ್ಳಬೇಕು, ವಿನ್ಯಾಸಕರ ಮೇಲೆ ಹೊರಿಸಬಾರದು.

ಕೆಲಸದ ಗಂಟೆಗಳ ವಿಷಯದಲ್ಲಿ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಕಿಕೊಟ್ಟ ಅಳತೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಹೆಚ್ಚುವರಿ ಅವಧಿಗೆ ಎರಡು ಪಟ್ಟು ವೇತನ. ಯಂತ್ರಗಳನ್ನಿಟ್ಟುಕೊಂಡು ಕಾನೂನು ಗೊತ್ತುಪಡಿಸಿದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಮುದ್ರಣಾಲಯಗಳಿಗೆ ಕಾರ್ಖಾನೆಯ ನಿಯಮಗಳೇ ಅನ್ವಯವಾಗುತ್ತವೆ. ನಿಯಮಗಳಿಗೆ ಆಗಾಗ ತಿದ್ದುಪಡಿಯಾಗುವುದರಿಂದ ನಿಮ್ಮ ಊರಿನ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳುವುದು ಲೇಸು. ಲಗ್ನಸರಾಯಿಯಲ್ಲಿ ತಡವಾಗುವ ದಿನಗಳು ತಪ್ಪುವುದಿಲ್ಲ, ಆದರೆ ಎಷ್ಟು ತಡ ಎಂಬುದು ಬೆಳಿಗ್ಗೆಯೇ ಗೊತ್ತಾಗಬೇಕು. ಸುತ್ತಲಿನ ಹಳ್ಳಿಗಳಿಂದ ಬರುವವರಿಗೆ ಕೊನೆಯ ಬಸ್ಸಿನ ಚಿಂತೆ ಶುರುವಾದ ಮೇಲೆ ಪರದೆಯ ಮೇಲಿನ ಅಕ್ಷರ ಕಾಣುವುದಿಲ್ಲ. ಬಸ್ಸು ತಪ್ಪುವಷ್ಟು ಹೊತ್ತು ಇರಿಸಿಕೊಳ್ಳಬೇಕಾದರೆ ಮನೆಗೆ ತಲುಪಿಸುವ ವ್ಯವಸ್ಥೆಯೂ ನಮ್ಮದೇ.

ಐದನೆಯ ಹೆಜ್ಜೆ: ಕಣ್ಣು, ಬೆನ್ನು, ಗಾಳಿ

ಇಲ್ಲಿ ಹೆಚ್ಚು ವಿವರಿಸುವ ಅಗತ್ಯವಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ, ಪ್ಲಾಸ್ಟಿಕ್ ಕುರ್ಚಿಯ ಬದಲು ಬೆನ್ನಿಗೆ ಆಧಾರ ಕೊಡುವ ಕುರ್ಚಿ ಇರಲಿ, ಕಿಟಕಿಯ ಬೆಳಕು ಪರದೆಯ ಮೇಲೆ ನೇರವಾಗಿ ಬೀಳದಿರಲಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ಕಣ್ಣಿನ ವೈದ್ಯರ ಸಲಹೆಯನ್ನು ಪಾಲಿಸಲು ಹೊರಗಿನ ಬೇವಿನ ಮರವೊಂದು ಕಂಡರೂ ಸಾಕು. ಸ್ಕ್ರೀನ್ ಪ್ರಿಂಟಿಂಗ್ ಮತ್ತು ಫ್ಲೆಕ್ಸ್ ಯಂತ್ರಗಳ ಇಂಕಿನ ವಾಸನೆ ವಿನ್ಯಾಸಕರು ಕೂರುವ ಕೋಣೆಗೆ ಬರದಂತೆ ಗೋಡೆಯನ್ನೂ ಎಕ್ಸಾಸ್ಟ್ ಫ್ಯಾನನ್ನೂ ಹಾಕಿಸಿ. ಯುಪಿಎಸ್ ಬ್ಯಾಟರಿಯನ್ನು ಬೇಸಿಗೆಗೆ ಮೊದಲೇ ಪರೀಕ್ಷಿಸಿ. ಉಳಿಸದ ಫೈಲು ಕರೆಂಟಿನೊಂದಿಗೆ ಹೋದರೆ ಅದೂ ಮಾಡಿದ್ದನ್ನೇ ಮತ್ತೆ ಮಾಡುವ ಕೆಲಸವೇ.

ಆರನೆಯ ಹೆಜ್ಜೆ: ಕಲೆಗೆ ಮೇವು ಕೊಡಿ

ತಿದ್ದುಪಡಿಯಿಂದ ಉಳಿದ ಗಂಟೆಗಳನ್ನು ಇನ್ನಷ್ಟು ಆರ್ಡರುಗಳಿಂದ ತುಂಬಿಬಿಟ್ಟರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಅದರಲ್ಲಿ ಒಂದು ಪಾಲನ್ನು ಕಲಿಕೆಗೆ ಮೀಸಲಿಡಿ. ಆಷಾಢದಲ್ಲಿ ಹದಿನೈದು ದಿನಕ್ಕೊಂದು ಅರ್ಧ ದಿನ, ಯಾವ ಗಿರಾಕಿಗೂ ಅಲ್ಲದ ಕೆಲಸ ಮಾಡಲು ಬಿಡಿ. ಗದಗದಿಂದ 12 ಕಿಲೋಮೀಟರಿನಷ್ಟು ದೂರದಲ್ಲಿರುವ ಲಕ್ಕುಂಡಿಗೆ ಎಲ್ಲರನ್ನೂ ಕರೆದುಕೊಂಡು ಹೋಗುವುದು ನಮ್ಮ ಅಂಗಡಿಯ ಪದ್ಧತಿ. ಅಲ್ಲಿನ ಕಾಶಿ ವಿಶ್ವೇಶ್ವರ ದೇವಾಲಯದ ಬಾಗಿಲುವಾಡದ ಮೇಲೆ ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಬಿಡಿಸಿರುವ ಬಳ್ಳಿಗಳ ಸುರುಳಿಯನ್ನು ಒಂದು ತಾಸು ಕೂತು ಪೆನ್ಸಿಲಿನಲ್ಲಿ ಬರೆದುಕೊಂಡವರು ಮರಳಿ ಬಂದು ಮಾಡುವ ಅಂಚುಗಳು, ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಅಂಚುಗಳಂತೆ ಇರುವುದಿಲ್ಲ. ಕಸೂತಿಯ ಗೋಪುರ, ತೇರು, ಆನೆ, ಇಳಕಲ್ ಸೀರೆಯ ಸೆರಗಿನ ತೆನೆ ಇವೂ ನಮ್ಮ ಮನೆಯ ಪೆಟ್ಟಿಗೆಯಲ್ಲೇ ಇರುವ ಪಾಠಗಳು. ನಿಮ್ಮ ಊರು ಬೇರೆಯಾದರೆ ನಿಮ್ಮ ಸುತ್ತಲಿನದು ಏನೆಂದು ನಿಮ್ಮ ಜೊತೆಯವರನ್ನೇ ಕೇಳಿ.

ವಿನ್ಯಾಸವನ್ನು ನೋಡಿ ಹೇಳುವ ಮಾತಿನಲ್ಲೂ ಎಚ್ಚರ ಬೇಕು. "ಚಂದ ಇಲ್ಲ, ಬ್ಯಾರೆ ಮಾಡು" ಎಂದರೆ ಕೇಳಿದವರಿಗೆ ಮುಂದಿನ ದಾರಿ ತಿಳಿಯುವುದಿಲ್ಲ. ಮುಹೂರ್ತದ ಸಾಲನ್ನು ಕೈಯಳತೆಯ ದೂರದಿಂದ ಅಜ್ಜ ಓದಲಾರರು, ಕೆಂಪು ನೆಲದ ಮೇಲೆ ಹಸಿರು ಅಕ್ಷರ ಕದಡುತ್ತಿದೆ, ಹೆಸರುಗಳ ನಡುವೆ ಉಸಿರಾಡಲು ಜಾಗವಿಲ್ಲ ಎಂದು ತೊಡಕನ್ನು ಹೇಳಿ; ಬಿಡಿಸುವ ಬಗೆಯನ್ನು ಅವರಿಗೇ ಬಿಡಿ. ಗಿರಾಕಿಯ ಮುಂದೆ ಮಾತ್ರ ವಿನ್ಯಾಸವನ್ನು ಎಂದೂ ತೆಗಳಬೇಡಿ. ಯಾರದೋ ಮನೆಯವರು ಪತ್ರಿಕೆ ನೋಡಿ ಸಂತೋಷಪಟ್ಟರೆ, ಆ ಮಾತನ್ನು ಮಾಡಿದವರನ್ನೇ ಹೊರಗೆ ಕರೆದು ಕೇಳಿಸಿ. ಮಾದರಿಗಳ ಆಲ್ಬಮ್ಮಿನಲ್ಲಿ ಪ್ರತಿ ಪತ್ರಿಕೆಯ ಕೆಳಗೆ ಅದನ್ನು ಮಾಡಿದವರ ಹೆಸರು ಬರೆಯುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಅಂಥ ಆಲ್ಬಮ್ ಇಟ್ಟ ಮೇಲೆ ಗಿರಾಕಿಗಳು ಹೆಸರು ಹಿಡಿದು, ಇವರ ಕೈಯಲ್ಲೇ ಮಾಡಿಸಿ ಎಂದು ಕೇಳತೊಡಗುತ್ತಾರೆ.

ಏಳನೆಯ ಹೆಜ್ಜೆ: ಹಣದ ಮಾತು ನೇರವಾಗಿರಲಿ

ಸಂಬಳ ಒಂದೇ ತಾರೀಖಿಗೆ ಬರಬೇಕು. ಗಿರಾಕಿಯಿಂದ ಬಾಕಿ ಬಂದಿಲ್ಲವೆಂಬುದು ಮಾಲೀಕರ ಕಷ್ಟ, ಅದನ್ನು ಮನೆ ಬಾಡಿಗೆ ಕಟ್ಟಬೇಕಾದವರ ಮೇಲೆ ವರ್ಗಾಯಿಸಬಾರದು. ಮುಂಗಡ ಕೊಟ್ಟದ್ದನ್ನು ಇಬ್ಬರ ಸಹಿಯೊಂದಿಗೆ ಬರೆದಿಡಿ. ಕಾನೂನಿನಲ್ಲಿ ಬೋನಸ್ ಕಡ್ಡಾಯವಾಗುವುದು 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ, ಕನಿಷ್ಠ ಶೇ. 8.33ರಂತೆ. ಆರು ಜನರ ಅಂಗಡಿಗೆ ಅದು ಅನ್ವಯಿಸದಿದ್ದರೂ, ಆಯುಧಪೂಜೆಯಂದು ಯಂತ್ರಕ್ಕೆ ಹಾರ ಹಾಕಿ ಯಂತ್ರ ನಡೆಸಿದವರ ಕೈಗೆ ಬರೀ ಪೇಢೆಯ ಪೊಟ್ಟಣ ಕೊಟ್ಟು ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಒಂದು ತಿಂಗಳ ಸಂಬಳದಷ್ಟು ಕೊಡುವ ಗುರಿ ಇಟ್ಟುಕೊಂಡು ಪ್ರತಿ ತಿಂಗಳೂ ಅದರ ಹನ್ನೆರಡನೆಯ ಒಂದು ಪಾಲನ್ನು ಬೇರೆ ಖಾತೆಗೆ ಹಾಕುತ್ತ ಬಂದರೆ ಹಬ್ಬದ ಹೊತ್ತಿಗೆ ಭಾರವಾಗುವುದಿಲ್ಲ.

ಇನ್ನೊಂದು ಏರ್ಪಾಡನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಮೂರನೆಯ ಸುತ್ತಿನ ತಿದ್ದುಪಡಿಗೆ ಗಿರಾಕಿ ಕೊಡುವ ಹಣ ಆ ತಿದ್ದುಪಡಿ ಮಾಡಿದವರಿಗೇ ಪೂರ್ತಿಯಾಗಿ ಸೇರಲಿ. ಮೊತ್ತ ಚಿಕ್ಕದಿರಬಹುದು. ಆದರೆ ತಮ್ಮ ಸಮಯಕ್ಕೆ ಬೆಲೆ ಕಟ್ಟಲಾಗಿದೆ ಎಂಬ ಅರಿವಿನಿಂದ ಅದೇ ಕೆಲಸ ಹಗುರವಾಗುತ್ತದೆ, ಮಾಲೀಕರಿಗೂ ಆ ಹಣದ ಆಸೆಯಿಂದ ತಿದ್ದುಪಡಿಗಳನ್ನು ಹೆಚ್ಚಿಸುವ ಮನಸ್ಸಾಗುವುದಿಲ್ಲ.

ಯಾವಾಗ, ಹೇಗೆ ಶುರು ಮಾಡಬೇಕು

ಇವೆಲ್ಲವನ್ನೂ ಒಂದೇ ತಿಂಗಳಲ್ಲಿ ತರಲು ಹೋಗಬೇಡಿ, ಲಗ್ನಸರಾಯಿಯ ನಡುವೆಯಂತೂ ಬೇಡವೇ ಬೇಡ. ಆಷಾಢದ ಮೊದಲ ಎರಡು ವಾರ ನೋಟ್‌ಬುಕ್ ಬರೆಯಿರಿ. ಮೂರನೆಯ ವಾರ ಆರ್ಡರ್ ನಮೂನೆಯ ಕರಡನ್ನು ತಯಾರಿಸಲು ಆಪರೇಟರುಗಳಿಗೇ ಹೇಳಿ, ಏಕೆಂದರೆ ಯಾವ ವಿವರ ಪ್ರತಿ ಸಲ ಬಿಟ್ಟುಹೋಗುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಎರಡನೆಯ ಮಾನಿಟರ್, ಒಂದೇ ವಾಟ್ಸ್ಆ್ಯಪ್ ಸಂಖ್ಯೆ, ಬೆಳಗಿನ ಹೊಸ ವಿನ್ಯಾಸದ ಹೊತ್ತು ಇವು ಶ್ರಾವಣದಲ್ಲಿ ಬರಲಿ. ಪ್ರತಿ ಶನಿವಾರ ಸಂಜೆ ಚಹಾದ ಹೊತ್ತಿಗೆ ಹದಿನೈದು ನಿಮಿಷ ಎಲ್ಲರೂ ಕೂತು, ಈ ವಾರ ಯಾವ ಕೆಲಸವನ್ನು ಎರಡು ಸಲ ಮಾಡಬೇಕಾಯಿತು ಎಂಬ ಒಂದೇ ಪ್ರಶ್ನೆಯನ್ನು ಕೇಳಿ. ಮೊದಲ ಉತ್ತರವನ್ನು ಮಾಲೀಕರೇ, ತಮ್ಮದೇ ತಪ್ಪಿನಿಂದ ಎರಡು ಸಲ ಆದದ್ದನ್ನು ನೆನೆದು ಹೇಳಲಿ. ಉಳಿದವರು ಎರಡನೆಯ ಅಥವಾ ಮೂರನೆಯ ಶನಿವಾರದಿಂದ ಮಾತಾಡತೊಡಗುತ್ತಾರೆ. ಅವರು ಹೇಳಿದ್ದನ್ನು ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು, ಸೋಮವಾರ ಬಾಗಿಲು ತೆರೆದಾಗ ಮೊದಲು ಆ ಪುಟವನ್ನು ತೆಗೆಯಿರಿ.